ಪಿಂಚಣಿಯನ್ನು ಒಲ್ಲದ ಪ್ರತಿನಿಧಿ

ಒಂದೇ ಅವಧಿಗೆ ಸಂಸತ್ತಿನಲ್ಲಿ ಕುಳಿತೆದ್ದವರಿಗೂ ಜೀವಾವಧಿ ಪಿಂಚಣಿಯುಂಟು. ಮೂವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ಬೆಂದವನಿಗೆ, ಮಾಲೀಕರು ದೊಡ್ಡ ಮನಸ್ಸು ಮಾಡಿದರೆ, ಊರಿಗೆ ಮರಳುವ ಬಸ್ಸಿನ ಖರ್ಚುಂಟು. ಈ ತಾರತಮ್ಯವನ್ನು ಕುರಿತು ನಮ್ಮ ವಾಚಕರು ಆಡಿಕೊಳ್ಳದ ದಿನವಿಲ್ಲ. ಹಾಗೆ ಆಡಿಕೊಳ್ಳುವವರು ಧನಬಾದಿನ ಅರುಣ್ ಕುಮಾರ್ ರಾಯ್ ಅವರ ಹೆಸರನ್ನೂ ತಿಳಿದಿರಬೇಕೆಂಬುದು ನಮ್ಮ ಅಪೇಕ್ಷೆ.

ರಾಯ್ ಅವರು 1935ರಲ್ಲಿ ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ರಾಜಶಾಹಿ ಪ್ರಾಂತದಲ್ಲಿ ಜನಿಸಿದವರು. ಕಲ್ಕತ್ತೆಯಲ್ಲಿ ರಸಾಯನ ತಂತ್ರವಿದ್ಯೆಯನ್ನು ಕಲಿತು ಸಿಂದ್ರಿಯ ಸರಕಾರಿ ಗೊಬ್ಬರ ಸಂಸ್ಥೆಯಲ್ಲಿ ಎಂಜಿನಿಯರರಾದರು. ಕಾರ್ಮಿಕರ ಪರವಾಗಿ ನಿಂತು 1966ರ ಬಿಹಾರ ಬಂದಿನಲ್ಲಿ ಭಾಗವಹಿಸಿದ್ದರಿಂದ ನೌಕರಿ ಹೋಯಿತು. ಅದರ ಮರುವರ್ಷವೇ ಸಿಂದ್ರಿಯ ಮತದಾರರು ಅವರನ್ನು ವಿಧಾನಸಭೆಗೆ ಕಳುಹಿಸಿದರು; 1969ರಲ್ಲಿಯೂ 1972ರಲ್ಲಿಯೂ ಮತ್ತೆ ಕಳುಹಿಸಿದರು. ಸಂಬಳದ ಕುರ್ಚಿಯ ಬೆಲೆಯೇನೆಂಬುದನ್ನು ನಮ್ಮ ಗುಮಾಸ್ತ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ.

ಅಂದಿನ ಝರಿಯಾ ಕಲ್ಲಿದ್ದಲು ಪ್ರದೇಶವಾದರೂ ಎಂಥದು? 1916ರಿಂದ ನೆಲದೊಳಗೆ ಬೆಂಕಿ ಉರಿಯುತ್ತಿದ್ದ ಭೂಮಿ ಅದು. ಮೇಲ್ಗಡೆ ಗುತ್ತಿಗೆದಾರನ ದೊಣ್ಣೆ. ಸಂಬಳದ ದಿನ ಗಣಿಯ ಬಾಗಿಲಲ್ಲಿಯೇ ಬಡ್ಡಿಗಾಗಿ ಕಾದು ನಿಂತ ಸಾಹುಕಾರ. 1971ರಿಂದ 1973ರ ಒಳಗೆ ಗಣಿಗಳು ರಾಷ್ಟ್ರದ ಸ್ವತ್ತಾದವು. ಆದರೆ ದೊಣ್ಣೆಯವರು ಎಲ್ಲಿಗೂ ಹೋಗಲಿಲ್ಲ. ಕಾರ್ಮಿಕ ಸಂಘಗಳ ಮುಖಂಡರೆನಿಸಿಕೊಂಡು ಅಲ್ಲಿಯೇ ನೆಲೆಯೂರಿದರು. ರಾಯ್ ಅವರ ಬಹುಕಾಲದ ಹೋರಾಟ ಇವರೊಡನೆಯೇ ನಡೆಯಿತು. ಅದು ಸುಲಭದ ಕೆಲಸವಾಗಿರಲಿಲ್ಲ. ಅವರ ಮಾರ್ಕ್ಸಿಸ್ಟ್ ಸಮನ್ವಯ ಸಮಿತಿಗೆ ಸೇರಿದ ನಿರ್ಸಾ ಶಾಸಕ ಗುರುದಾಸ್ ಚಟರ್ಜಿಯವರು 2000ದಲ್ಲಿ ಕೊಲೆಯಾದರು.

ಇನ್ನೊಂದು ಸಂಗತಿ, ಪರಸ್ಥಳದಲ್ಲಿ ಅನ್ನ ಹುಡುಕಿ ಬಂದ ನಮಗೆ ವಿಶೇಷವಾಗಿ ಸಲ್ಲುವಂಥದು. ಹೊರಗಿನವರಾದ ಈ ಬಂಗಾಳಿ ಗೃಹಸ್ಥರು ಆ ನೆಲದ ಆದಿವಾಸಿಗಳ ಪಾಲಿನ ಮಾತನ್ನು ತಮ್ಮದೆಂದು ಆಡಿದರು. ಝಾರ್ಖಂಡ್ ಮುಕ್ತಿ ಮೋರ್ಚಾದ ಹುಟ್ಟಿನಲ್ಲಿ ವಿನೋದ್ ಬಿಹಾರಿ ಮಹತೋ, ಶಿಬು ಸೋರೆನ್ ಅವರ ಜೊತೆಗೆ ಇವರೂ ಇದ್ದರು. ಉಣ್ಣುವ ಊರಿನ ಋಣವನ್ನು ಹೀಗೂ ತೀರಿಸಬಹುದೆಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ?

1974ರಲ್ಲಿ ಜಯಪ್ರಕಾಶರ ಚಳವಳಿಯನ್ನು ಬೆಂಬಲಿಸಿ ಶಾಸಕತ್ವವನ್ನು ಬಿಟ್ಟರು. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಸೇರಿ, 1977ರಲ್ಲಿ ಅಲ್ಲಿಂದಲೇ ಲೋಕಸಭೆಗೆ ಆರಿಸಿಬಂದರು. 1980ರಲ್ಲಿಯೂ 1989ರಲ್ಲಿಯೂ ಮತ್ತೆ ಗೆದ್ದರು. ಸದಸ್ಯರ ವೇತನ, ಪಿಂಚಣಿಗಳ ಹೆಚ್ಚಳವನ್ನು ಸಭೆಯಲ್ಲಿಯೇ ವಿರೋಧಿಸಿದರು. ವಿರೋಧಿಸಿ ಸುಮ್ಮನಾಗಲಿಲ್ಲ, ತಮಗೆ ಸಲ್ಲತಕ್ಕ ಪಿಂಚಣಿಯನ್ನು ಸ್ವಂತಕ್ಕೆ ಬಳಸಲೂ ಇಲ್ಲ. ಮದುವೆಯಾಗದೆ, ಮನೆ ಕಟ್ಟದೆ, ಪಕ್ಷದ ಕಚೇರಿಯಲ್ಲಿಯೇ ವಾಸವಾಗಿದ್ದರು.

ಪಿಂಚಣಿಯಿಲ್ಲದಿದ್ದರೆ ಶ್ರೀಮಂತರು ಮಾತ್ರ ಶಾಸಕರಾದಾರೆಂಬ ಆಕ್ಷೇಪವುಂಟು. ಅದನ್ನು ನಾವು ತಳ್ಳಿಹಾಕುವುದಿಲ್ಲ. ಬಡವನೊಬ್ಬ ಶಾಸಕನಾಗಿ ಮುಪ್ಪಿನಲ್ಲಿ ಅನ್ನಕ್ಕೆ ಅಲೆಯಬೇಕೆಂದು ಯಾರು ಬಯಸುವರು? ಎಲ್ಲರೂ ರಾಯ್ ಅವರಂತೆ ಸಂನ್ಯಾಸಿಗಳಾಗಬೇಕೆಂಬುದೂ ನಮ್ಮ ವಾದವಲ್ಲ. ಆದರೆ ಹೋಟೆಲು ಕಾರ್ಮಿಕನ ಮುಪ್ಪಿಗೆ ಒಂದು ಏರ್ಪಾಡು ಆಗುವವರೆಗೆ, ತಮ್ಮ ಪಿಂಚಣಿಯನ್ನು ತಾವೇ ಏರಿಸಿಕೊಳ್ಳುವ ಮಸೂದೆಗೆ ಕೈಯೆತ್ತಲು ಪ್ರತಿನಿಧಿಗಳು ಸಂಕೋಚಪಡಬೇಕೆಂದು ನಾವು ಹೇಳುತ್ತೇವೆ.

1991ರಲ್ಲಿ ಧನಬಾದಿನ ಮತದಾರರು ರಾಯ್ ಅವರನ್ನು ಸೋಲಿಸಿದರು. ಆ ಬಳಿಕ ಅವರು ಮತ್ತೆ ಲೋಕಸಭೆಯನ್ನು ಕಾಣಲಿಲ್ಲ. ಇದು ನಮಗೆ ಇಂದಿಗೂ ಸರಿಯಾಗಿ ಅರ್ಥವಾಗದ ವಿಷಯ. ಅವರು ಮಾತ್ರ ಊರು ಬಿಟ್ಟು ಹೋಗಲಿಲ್ಲ. 2019ರ ಜುಲೈ 21ರಂದು ಧನಬಾದಿನ ಆಸ್ಪತ್ರೆಯಲ್ಲಿಯೇ ತೀರಿಕೊಂಡರು.