ಮೂಕಪ್ರಾಣಿಗಳ ಸ್ಮೃತಿ

ಮಾರಿದ ಹಸು ಹಗ್ಗ ಹರಿದುಕೊಂಡು ಹಳೆಯ ಕೊಟ್ಟಿಗೆಗೇ ಮರಳಿ ಬಂದರೆ, “ಪಾಪ, ನಮ್ಮನ್ನು ಮರೆತಿಲ್ಲ” ಎಂದು ಮನೆಯವರು ಕಣ್ಣೊರಸಿಕೊಳ್ಳುವರು. ಅದಕ್ಕೆ ದಾರಿ ತಿಳಿದಿತ್ತೆಂಬುದು ನಿರ್ವಿವಾದ. ಆದರೆ ಆ ಕೊಟ್ಟಿಗೆಯಲ್ಲಿ ಕಳೆದ ಒಂದು ದಿನವಾದರೂ ಅದರ ಮನಸ್ಸಿಗೆ ಬಂದಿತ್ತೇ? ಇದು ಕಠಿನವಾದ ಪ್ರಶ್ನೆ.

ಎಂಡೆಲ್ ಟಲ್ವಿಂಗ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ, ಕಲಿತ ವಿಷಯದ ನೆನಪು ಬೇರೆ, ತಾನು ಅನುಭವಿಸಿದ ಘಟನೆಯ ನೆನಪು ಬೇರೆ ಎಂದು ವಿಂಗಡಿಸಿದರು. ನಮ್ಮಲ್ಲಿ ಓದಿದ ಬಾಲಕರು ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದರು. ಅದನ್ನು ಕಲಿತ ದಿನ ಯಾವುದೆಂದರೆ ಮಿಕಿಮಿಕಿ ನೋಡುತ್ತಿದ್ದರು. ಬಾಲಕನನ್ನು ಹೀಗೆ ಕೇಳಬಹುದು, ಪಶುವನ್ನು ಕೇಳುವುದೆಂತು? ತಾರ್ಕಿಕರು ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ನಡತೆಯಿಂದ ನೆನಪನ್ನು ಅನುಮಾನಿಸಬೇಕಷ್ಟೆ. ಆದರೆ ದೂರದಿಂದ ಮಂಜೂ ಹೊಗೆಯಂತೆಯೇ ಕಾಣುವುದು!

ಈ ತೊಡಕನ್ನು ಬಿಡಿಸಲು ನಿಕೋಲಾ ಕ್ಲೇಟನ್, ಆಂಟನಿ ಡಿಕಿನ್ಸನ್ ಎಂಬಿಬ್ಬರು ಮಾಡಿದ ಪ್ರಯೋಗವು 1998ರಲ್ಲಿ ಪ್ರಕಟವಾಯಿತು. ಅಮೆರಿಕದ ಸ್ಕ್ರಬ್ ಜೇ ಎಂಬುದು ಕಾಗೆಯ ಬಳಗದ ಹಕ್ಕಿ. ಆಹಾರವನ್ನು ಬಚ್ಚಿಡುವುದು ಅದರ ಸ್ವಭಾವ. ಮರಳು ತುಂಬಿದ ತಟ್ಟೆಗಳಲ್ಲಿ ಈ ಹಕ್ಕಿಗಳು ಕಡಲೆಕಾಯಿ ಬೀಜವನ್ನೂ, ತಮಗೆ ಬಲುಪ್ರಿಯವಾದ ಹುಳುಗಳನ್ನೂ ಹೂತಿಟ್ಟವು. ನಾಲ್ಕು ಗಂಟೆಯ ಬಳಿಕ ಬಿಟ್ಟಾಗ ಹುಳುವಿದ್ದ ಎಡೆಯನ್ನೇ ಕೆದಕಿದವು. 124 ಗಂಟೆ ಕಳೆದ ಮೇಲಾದರೋ, ಅಷ್ಟರಲ್ಲಿ ಹುಳು ಕೊಳೆಯುವುದೆಂದು ಮೊದಲೇ ಅನುಭವದಿಂದ ಅರಿತಿದ್ದ ಹಕ್ಕಿಗಳು ಬೀಜವಿದ್ದ ಕಡೆಗೆ ನಡೆದವು. ಹುಳು ಸದಾ ತಾಜಾ ಇರುವುದನ್ನೇ ಕಂಡಿದ್ದ ಇನ್ನೊಂದು ಗುಂಪು ಆಗಲೂ ಹುಳುವನ್ನೇ ಅರಸಿತು. ಪರೀಕ್ಷೆಗೆ ಮೊದಲೇ ಆಹಾರವನ್ನು ತೆಗೆದಿದ್ದುದರಿಂದ ವಾಸನೆಯ ನೆರವೂ ಇರಲಿಲ್ಲ. ಏನನ್ನು, ಎಲ್ಲಿ, ಎಂದು ಇಟ್ಟೆವೆಂಬ ಮೂರನ್ನೂ ಹಕ್ಕಿ ಬಲ್ಲುದಾಯಿತು. ಆದರೂ ಆ ವಿದ್ವಾಂಸರು ಇದನ್ನು ಘಟನಾಸ್ಮೃತಿಯೆನ್ನದೆ, ಘಟನಾಸ್ಮೃತಿಯಂಥದು ಎಂದಷ್ಟೇ ಕರೆದರು. ಹಕ್ಕಿಯ ಒಳಗನ್ನು ಕಂಡವರಾರು?

ಇಂತಹ ಎಚ್ಚರಿಕೆಯು ನಮ್ಮ ಮನೆಗಳಿಗೂ ಬೇಕು. ಚಪ್ಪಲಿ ಕಡಿದ ನಾಯಿಯು ಸಂಜೆ ಬಾಲ ಮುದುರಿ ನಿಂತರೆ, “ನೋಡಿ, ತಪ್ಪು ನೆನಪಿದೆ” ಎನ್ನುತ್ತೇವೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬಾಕೆ 2009ರಲ್ಲಿ ಇದನ್ನು ಪರೀಕ್ಷಿಸಿದರು. ಬೇಡವೆಂದ ತಿಂಡಿಯನ್ನು ತಿಂದ ನಾಯಿಗೂ ತಿನ್ನದ ನಾಯಿಗೂ ಆ ಅಪರಾಧಿಯ ಮುಖದಲ್ಲಿ ಭೇದ ಕಾಣಲಿಲ್ಲ. ಒಡೆಯರು ಗದರಿದಾಗಲೇ ಅದು ಹೆಚ್ಚಿತು. ನಾಯಿಗೆ ನೆನಪಿಲ್ಲವೆಂದು ಇದರಿಂದ ಸಿದ್ಧವಾಗದು. ಆ ಮುಖವು ನೆನಪಿನ ಸಾಕ್ಷಿಯಲ್ಲವೆಂಬುದು ಮಾತ್ರ ಸಿದ್ಧ.

ಆದುದರಿಂದ, ಬೆಳಗಿನ ತಪ್ಪಿಗೆ ಸಂಜೆ ಕೋಲೆತ್ತುವ ಮುನ್ನ ವಾಚಕರು ಕ್ಷಣಕಾಲ ಯೋಚಿಸಬೇಕೆಂದು ನಮ್ಮ ಅರಿಕೆ. ಮಾತು ಬಾರದ ಪ್ರಾಣಿಯ ಪರವಾಗಿ ತಪ್ಪೊಪ್ಪಿಗೆಯನ್ನೂ ನಾವೇ ನುಡಿದು, ದಂಡನೆಯನ್ನೂ ನಾವೇ ವಿಧಿಸುವುದು ನ್ಯಾಯವೆನಿಸದು.