ಸಾಮಾನು ಸಿಗ್ತಾವ, ರೋಗ ಹುಡುಕೋ ಕೈ ಸಿಗವಲ್ದು

ಈ ಸಲ ಬೆಳೆ, ಗೊಬ್ಬರ, ಔಷಧಿ ವಿಷಯ ಅಲ್ಲ. ನಮ್ಮ ಮನೆ ಮುಂದೆ ಬೇವಿನ ಗಿಡದ ಕೆಳಗೆ ನಿಂತಿರುವ ಹಳೇ ಜೀಪಿನ ವಿಷಯ. ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ. ಜೀಪ್ ಇಲ್ಲದವರೂ ಓದ್ರಿ, ಯಾಕಂದ್ರ ಹಳೇ ಟ್ರ್ಯಾಕ್ಟರ್, ಪಂಪ್‌ಸೆಟ್ ಇಟ್ಟುಕೊಂಡವರಿಗೂ ಇದೇ ಮಾತು.

ಹೋದ ತಿಂಗಳು ಗುಜರಿಯವನು ಊರಿಗೆ ಬಂದಿದ್ದ. ಜೀಪಿನ ಸುತ್ತ ಎರಡು ಸಲ ಸುತ್ತಿ, ಬಾನೆಟ್ ಬಡಿದು ನೋಡಿ ಒಂದು ರೇಟು ಹೇಳಿದ. ನನ್ನ ಮಗ ಅಂದ, "ಯಪ್ಪಾ, ಕೊಟ್ಟುಬಿಡು. ಇದಕ್ಕ ಸಾಮಾನು ಎಲ್ಲೂ ಸಿಗಂಗಿಲ್ಲ. ಬೇಸಿಗ್ಯಾಗ ದೊಡ್ಡವ್ವನ್ನ ದಾರ್‍ಯಾಗ ಕೈಬಿಟ್ಟ ಗಾಡಿ ಇದು." ಅವನು ಹೇಳಿದ್ದರಲ್ಲಿ ಅರ್ಧ ಖರೆ, ಅರ್ಧ ಸುಳ್ಳು. ದಾರಿಯಲ್ಲಿ ಕೈಬಿಟ್ಟಿದ್ದು ಖರೆ. ಸಾಮಾನು ಸಿಗೋದಿಲ್ಲ ಅನ್ನೋದು ಸುಳ್ಳು. ಆ ಸುಳ್ಳನ್ನೇ ನಂಬಿ ನಮ್ಮ ಭಾಗದಾಗ ಎಷ್ಟೋ ಒಳ್ಳೇ ಗಾಡಿ ಗುಜರಿಗೆ ಹೋಗ್ಯಾವ ಅನ್ನೋದು ನನ್ನ ಅಭಿಪ್ರಾಯ.

ಗಾಡಿ ಯಾವುದು ಅಂತ ಮೊದಲು ಹೇಳುತ್ತೇನೆ. 1974ರ ಮಾಡೆಲ್ ಮಹೀಂದ್ರಾ ಜೀಪ್, ಸಿಜೆ 3ಬಿ. ನಮ್ಮಪ್ಪ 1992ರಲ್ಲಿ ಸರ್ಕಾರಿ ಇಲಾಖೆಯೊಂದರ ಹರಾಜಿನಲ್ಲಿ ಹಿಡಿದಿದ್ದು. ಹೆಸರು ಮಹೀಂದ್ರಾ ಆದರೂ ಹುಟ್ಟು ಅಮೆರಿಕದ್ದು. ಅಲ್ಲಿ ಓಹಾಯೋ ರಾಜ್ಯದ ಟೊಲೆಡೊ ಊರಿನ ವಿಲ್ಲಿಸ್ ಕಂಪನಿ ಎರಡನೇ ಮಹಾಯುದ್ಧಕ್ಕೆ ಜೀಪ್ ಮಾಡಿಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅದನ್ನೇ ರೈತರಿಗೆ ಅಂತ ಮಾರಿದರು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರಾದವರು ಬಿಡಿ ಸಾಮಾನು ತರಿಸಿ ಮುಂಬಯಿಯಲ್ಲಿ ಜೋಡಿಸಲು ಶುರು ಮಾಡಿದರು, ಆಮೇಲೆ ಇಲ್ಲೇ ತಯಾರಿಸಿದರು. 3ಬಿ ಮಾಡೆಲ್ ಅಮೆರಿಕದಲ್ಲಿ 1953ಕ್ಕೆ ಬಂದು 1968ಕ್ಕೆ ನಿಂತಿತು. ಇಲ್ಲಿ ಅದಾದ ಮೇಲೂ ಎಷ್ಟೋ ವರ್ಷ ನಡೆಯಿತು.

ಅದರ ಎತ್ತರದ ಬಾನೆಟ್ ನೋಡೀರಲ್ಲ, ಅದು ಚಂದಕ್ಕೆ ಮಾಡಿದ್ದಲ್ಲ. ಹರಿಕೇನ್ ಅನ್ನೋ ಆ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಅದಕ್ಕೇ ಎಂಜಿನ್ ಎತ್ತರ ಆಯಿತು, ಎಂಜಿನ್ ಮುಚ್ಚಲು ಬಾನೆಟ್ಟೂ ಎತ್ತರ ಆಯಿತು. ನಾಲ್ಕು ಸಿಲಿಂಡರ್, 2.2 ಲೀಟರ್. ನಮ್ಮ ಭಾಗದಾಗ ಬಹಳ ಮಂದಿ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದರು. ನಮ್ಮಪ್ಪ ಕೂರಿಸಲಿಲ್ಲ, ನಾನೂ ಕೂರಿಸಲಿಲ್ಲ. ನಾವು ಓಡಿಸೋದೇ ಸಂತೆಗೆ, ಬೀಜ-ಗೊಬ್ಬರಕ್ಕೆ, ಆಸ್ಪತ್ರೆಗೆ. ಅಷ್ಟಕ್ಕೆ ಎಂಜಿನ್ ಬದಲಿಸುವ ಖರ್ಚು ಹುಟ್ಟಂಗಿಲ್ಲ.

ಈಗ ಬೇಸಿಗೆಯ ಕತೆ. ಏಪ್ರಿಲ್‌ನಲ್ಲಿ ಒಂದು ಸಂಜೆ ನಮ್ಮ ಅತ್ತಿಗೆ ಹೊಟ್ಟಿನ ಬಣವೆಗೆ ಕೈ ಹಾಕಿದಾಗ ಚೇಳು ಕಡಿಯಿತು. ಬೆವರು, ವಾಂತಿ ಶುರು ಆಯ್ತು. ಜೀಪಿನಾಗ ಕೂರಿಸಿಕೊಂಡು ಮಸ್ಕಿ ಕಡೆ ಹೊಡೆದೆ. ಏಳೆಂಟು ಕಿಲೋಮೀಟರ್ ಆಗಿತ್ತೋ ಇಲ್ಲೋ, ಗಾಡಿ ಎರಡು ಸಲ ಜಗ್ಗಿ ನಿಂತಿತು. ಹತ್ತು ನಿಮಿಷ ಬಿಟ್ಟು ಚಾಲೂ ಆಯ್ತು, ಮತ್ತೆ ನಿಂತಿತು. ಹಿಂದಿನಿಂದ ಬಂದ ಟಂಟಂನವನು ಅತ್ತಿಗೆಯನ್ನು ಹತ್ತಿಸಿಕೊಂಡು ಹೋದ. ದೇವರ ದಯೆ, ಆಕಿ ಆರಾಮ ಆದಳು. ಆದರೆ ಆ ಹತ್ತು ನಿಮಿಷ ರಸ್ತೆ ಬದಿ ಆಕಿ ನರಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಮಗ ಸಿಟ್ಟಾಗೋದು ತಪ್ಪಲ್ಲ.

ಮರುದಿನದಿಂದ ರಿಪೇರಿ. ಒಂದು ಗ್ಯಾರೇಜಿಗೆ ಒಯ್ದೆ. ಮೊದಲ ಸಲ "ಕಾಯಿಲ್ ಕಾದು ನಿಲ್ಲತೈತಿ" ಅಂತ ಕಾಯಿಲ್, ಕಂಡೆನ್ಸರ್ ಬದಲಾಯಿಸಿದರು. ನಾಲ್ಕು ದಿನ ಬಿಟ್ಟು ಮತ್ತೆ ನಿಂತಿತು. ಎರಡನೇ ಸಲ ಪೆಟ್ರೋಲ್ ಪಂಪ್ ಬದಲಾಯಿಸಿದರು. ಮತ್ತೆ ನಿಂತಿತು. ಮೂರನೇ ಸಲ ಕಾರ್ಬೋರೇಟರ್ ಹೊಸದು ಹಾಕಬೇಕು, ಇದಕ್ಕೆ ಸಿಗೋದಿಲ್ಲ, ಡೀಸೆಲ್ ಎಂಜಿನ್ ಕೂರಿಸ್ರಿ ಅಂದರು. ಅಷ್ಟೊತ್ತಿಗೆ ನನ್ನ ಕೈಯಿಂದ 6,800 ರೂಪಾಯಿ ಹೋಗಿತ್ತು. ನಾಲ್ಕು ಎಕರೆ ಎರೆ ಹೊಲದವನಿಗೆ ಅದು ಸಣ್ಣ ದುಡ್ಡಲ್ಲ.

ಕೊನೆಗೆ ಸಿಂಧನೂರಿನ ನಮ್ಮ ಹಳೇ ಮಿಸ್ತ್ರಿ ಚಾಚಾನ ಹತ್ತಿರ ಹೋದೆ. ವಯಸ್ಸು ಎಪ್ಪತ್ತು ದಾಟಿದೆ, ಕಣ್ಣು ಮಂಜು, ಈಗ ಗ್ಯಾರೇಜ್ ಇಲ್ಲ, ಮನೆ ಕಟ್ಟೆ ಮೇಲೆ ಕೂತಿರುತ್ತಾರೆ. ಅವರು ಪಾನಾ ಮುಟ್ಟಲೇ ಇಲ್ಲ. ಬರೀ ಕೇಳಿದರು.

"ಎಷ್ಟು ದೂರಕ್ಕ ನಿಲ್ತದ?"

ಹೇಳಿದೆ.

"ನಿಂತ ಮ್ಯಾಲ ತಾನಾಗೇ ಚಾಲೂ ಆಗ್ತದೇನು?"

"ಹೌದು ಚಾಚಾ, ಹತ್ತು ನಿಮಿಷ ಬಿಟ್ರ ಆಗ್ತೈತಿ."

"ಟಾಂಕಿ ತುಂಬಿದಾಗ ಲಗೂ ನಿಲ್ತದೋ, ಖಾಲಿ ಇದ್ದಾಗೋ?"

ಇದನ್ನು ನಾನು ಲಕ್ಷ್ಯ ಕೊಟ್ಟಿರಲಿಲ್ಲ. ನೆನೆಸಿ ನೋಡಿದರೆ ಹೌದು, ಪೆಟ್ರೋಲ್ ತುಂಬಿಸಿದ ದಿನವೇ ಬೇಗ ನಿಲ್ಲುತ್ತಿತ್ತು.

"ಈ ರೋಗ ಬರೋಕಿಂತ ಮೊದಲ ಏನು ಬದಲ್ ಮಾಡಿದ್ರಿ?"

ಏನೂ ಇಲ್ಲ ಅಂದೆ. ಅವರು ಬಿಡಲಿಲ್ಲ. "ಸಣ್ಣದು ಏನರ? ನೆಪ್ಪು ಮಾಡಿಕೋರಿ ಗೌಡ್ರ." ಆಗ ನೆನಪಾಯಿತು. ಜಾತ್ರೆಯಲ್ಲಿ ಟಾಂಕಿ ಮುಚ್ಚಳ ಕಳೆದಿತ್ತು. 120 ರೂಪಾಯಿ ಕೊಟ್ಟು ಬಿರಿ ಕೂರುವ ಹೊಸ ಮುಚ್ಚಳ ತಂದು ಹಾಕಿದ್ದೆ.

ಚಾಚಾ ನಕ್ಕರು. ಹಳೇ ಮುಚ್ಚಳಕ್ಕೆ ಗಾಳಿ ಒಳಗೆ ಹೋಗುವ ದಾರಿ ಇರುತ್ತದೆ. ಪೆಟ್ರೋಲ್ ಎಷ್ಟು ಖರ್ಚಾಗುತ್ತದೋ ಅಷ್ಟು ಗಾಳಿ ಟಾಂಕಿಗೆ ಬರಬೇಕು. ಹೊಸ ಮುಚ್ಚಳ ಸೀಲ್ ಹಾಕಿದಂಗೆ ಕೂತಿತ್ತು. ಗಾಳಿ ಬರದಿದ್ದರೆ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರೋದಿಲ್ಲ, ತುಂಬಿದ ಕೊಡದ ಬಾಯಿ ಮುಚ್ಚಿ ನಳಿಕೆಯಲ್ಲಿ ಹೀರಿದಂಗೆ. ಟಾಂಕಿ ತುಂಬಿದ್ದರೆ ಮೇಲೆ ಖಾಲಿ ಜಾಗ ಕಡಿಮೆ, ಅದಕ್ಕೆ ಬೇಗ ಕಟ್ಟುತ್ತದೆ. ಗಾಡಿ ನಿಂತಾಗ ನಿಧಾನಕ್ಕೆ ಗಾಳಿ ಒಳಗೆ ಸೋರಿ ಮತ್ತೆ ಚಾಲೂ ಆಗುತ್ತದೆ. ಪರೀಕ್ಷೆಗೆ ಅಂತ ಮುಚ್ಚಳ ಸಡಿಲು ಬಿಟ್ಟು ನನ್ನನ್ನೇ ಒಂದು ಸುತ್ತು ಹೊಡೆಯಲು ಕಳಿಸಿದರು. ಹದಿನೈದು ಕಿಲೋಮೀಟರ್ ಹೋಗಿ ಬಂದೆ, ನಿಲ್ಲಲಿಲ್ಲ. ಗಾಳಿ ದಾರಿ ಇರುವ ಮುಚ್ಚಳ ಹಾಕಿಸಿದೆ. ಅವತ್ತಿನಿಂದ ಇವತ್ತಿನ ತನಕ ಒಂದು ದಿನವೂ ನಿಂತಿಲ್ಲ.

6,800 ರೂಪಾಯಿ ಸಾಮಾನು ಹಾಕಿದ್ದಕ್ಕೆ ಹೋಯಿತು, ರೋಗ ಮುಚ್ಚಳದಲ್ಲಿತ್ತು. ಇದಕ್ಕೇ ನಾನು ಹೇಳೋದು: ಮೊದಲು ರೋಗ ಹುಡುಕ್ರಿ, ಆಮೇಲೆ ಸಾಮಾನು ಹುಡುಕ್ರಿ. ಚಾಚಾ ಹೇಳಿದ ಕ್ರಮ ಇಲ್ಲಿ ಬರೆಯುತ್ತೇನೆ, ಪೆಟ್ರೋಲ್ ಗಾಡಿ ಇದ್ದವರಿಗೆ ಉಪಯೋಗ ಆಗಬಹುದು.

ನಿಂತ ಗಾಡಿಗೆ ಎರಡೇ ಪ್ರಶ್ನೆ: ಕಿಡಿ ಐತೋ ಇಲ್ಲೋ, ಪೆಟ್ರೋಲ್ ಬರ್ತೈತೋ ಇಲ್ಲೋ. ಕಿಡಿ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ಪಾಯಿಂಟ್ ನೋಡಬೇಕು. ಪಾಯಿಂಟ್ ಗ್ಯಾಪ್ ಒಂದು ಇಂಚಿನ ಸಾವಿರದಲ್ಲಿ 20 ಭಾಗ, ಪ್ಲಗ್ ಗ್ಯಾಪ್ 30 ಭಾಗ. ವೈರ್ ಕಿತ್ತಿದ್ದರೆ ವಾಪಸ್ ಹಾಕುವ ಕ್ರಮ 1-3-4-2. ಕಿಡಿ ಚಲೋ ಇದ್ದರೆ ಪೆಟ್ರೋಲ್ ಕಡೆ ಬರ್ರಿ. ಟಾಂಕಿ ಮುಚ್ಚಳ ತೆಗೆದಾಗ "ಸುಯ್" ಅಂತ ಗಾಳಿ ಎಳೆದುಕೊಂಡರೆ ನನ್ನ ಗಾಡಿಯ ರೋಗವೇ. ಹಾಗಿಲ್ಲದೆ ಸುಡು ಬಿಸಿಲಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಪೆಟ್ರೋಲ್ ಪಂಪಿನಲ್ಲೇ ಕುದ್ದು ಆವಿ ಆಗುತ್ತಿದೆ ಅಂತ ತಿಳಿಯಬಹುದು. ಈ ಎಂಜಿನ್ನಿನಲ್ಲಿ ಪಂಪ್ ಇರೋದು ಸೈಲೆನ್ಸರ್ ಪೈಪ್ ಹೊರಡುವ ಮಗ್ಗುಲಲ್ಲೇ. ಪಂಪಿನ ಮೇಲೆ ಹಸಿ ಬಟ್ಟೆ ಹಾಕಿ ತಣಿಸಿ ನೋಡ್ರಿ. ತಣಿದು ಚಾಲೂ ಆದರೆ ಪಂಪ್ ಬದಲಿಸೋದು ಬೇಕಿಲ್ಲ, ಪೈಪನ್ನು ಕಾವಿನಿಂದ ದೂರ ಸರಿಸಿದರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡ್ರಿ. ಮೂರು ಸಾಮಾನು ಒಟ್ಟಿಗೆ ಹಾಕಿದರೆ ಯಾವುದರಿಂದ ಗುಣ ಆಯ್ತು ಅಂತ ದೇವರಿಗೂ ಗೊತ್ತಾಗಂಗಿಲ್ಲ.

ಇನ್ನು ಸಾಮಾನು ಹುಡುಕೋದು. ಅಂಗಡಿಗೆ ಹೋಗಿ "ಹಳೇ ಜೀಪಿಂದು ಕೊಡ್ರಿ" ಅಂದರೆ ಇಲ್ಲ ಅಂತಲೇ ಹೇಳ್ತಾರೆ. ಬಿಚ್ಚಿದ ಸಾಮಾನು ಕೈಯಲ್ಲಿ ಹಿಡಿದುಕೊಂಡು ಹೋಗ್ರಿ. ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ, ಒರೆಸಿ ಬರೆದುಕೊಳ್ರಿ. ಆ ನಂಬರಿನ ಬೇರಿಂಗ್ ಜೀಪಿಗೇ ಅಂತ ಇರಬೇಕಿಲ್ಲ, ಯಾವ ಬೇರಿಂಗ್ ಅಂಗಡಿಯಲ್ಲಾದರೂ ಕೇಳಬಹುದು. ಆಯಿಲ್ ಸೀಲಿಗೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಈ ಮೂರು ಸಾಕು. ಕ್ಲಚ್ ಪ್ಲೇಟ್ ಆದರೆ ಅಗಲ ಅಳೆದು ನಡುವಿನ ಹಲ್ಲು ಎಣಿಸ್ರಿ.

ಬೋಲ್ಟಿನ ವಿಷಯದಲ್ಲಿ ಬಹಳ ಹುಷಾರು. ಇದು ಅಮೆರಿಕದ ಗಾಡಿ, ಬೋಲ್ಟ್ ಎಲ್ಲ ಇಂಚಿನವು. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹೆಂಗೋ ಕೂರುತ್ತದೆ. ಆದರೆ 9/16 ನಟ್ಟಿಗೆ 14 ಹೋಗೋದಿಲ್ಲ, 15 ಹಾಕಿ ತಿರುಗಿಸಿದರೆ ಮೂಲೆ ಸವೆದು ದುಂಡಗಾಗುತ್ತದೆ. ಎಂಎಂ ಬೋಲ್ಟನ್ನು ಇಂಚಿನ ಚೂಡಿಗೆ ಹೊಡೆದು ಕೂರಿಸಿದರೆ ಬ್ಲಾಕೇ ಕೆಡುತ್ತದೆ. ಒಂದು ಸೆಟ್ ಇಂಚಿನ ಪಾನಾ ಮನೆಯಲ್ಲಿ ಇಟ್ಟುಕೊಳ್ರಿ. ನನ್ನ ಜೀಪಿನ ಎಡಗಡೆ ಗಾಲಿಯ ನಟ್ ಉಲ್ಟಾ ಚೂಡಿಯವು. ಅದು ಗೊತ್ತಿಲ್ಲದ ಒಬ್ಬ ಪಂಕ್ಚರ್ ಹುಡುಗ ಪೈಪ್ ಹಾಕಿ ಜಗ್ಗಿ ಎರಡು ಸ್ಟಡ್ ಮುರಿದಿದ್ದ.

ನಮ್ಮಲ್ಲಿ ಸಿಗದಿದ್ದರೆ ಹುಬ್ಬಳ್ಳಿ, ಹೈದರಾಬಾದ್ ಐತಿ, ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿ ಅದಾವ. ಪಂಜಾಬಿನ ಗಡಿಗೆ ಹತ್ತಿದ ಹರಿಯಾಣದ ಮಂಡಿ ಡಬವಾಲಿಯಲ್ಲಿ ಹಳೇ ಜೀಪ್ ಕಟ್ಟೋದೇ ಕಸುಬು, ಅಲ್ಲಿಂದ ಪಾರ್ಸಲ್ ತರಿಸುವವರೂ ಇದ್ದಾರೆ. ಬುಷ್, ಪಿನ್ನು, ಬ್ರಾಕೆಟ್ ಅಂಥವನ್ನು ನಮ್ಮ ಲೇತ್ ಮಷಿನ್ನಿನವರೇ ಮಾಡಿಕೊಡ್ತಾರೆ. ಆದರೆ ಬ್ರೇಕಿನ ರಬ್ಬರ್, ಬ್ರೇಕ್ ಪೈಪ್, ಸ್ಟೇರಿಂಗ್ ಜಾಯಿಂಟ್ ಮಾತ್ರ ಹಳೇದು ಹಾಕಬ್ಯಾಡ್ರಿ, ಹೊಸದೇ ಹಾಕ್ರಿ. ಅಲ್ಲಿ ಉಳಿಸಿದ ದುಡ್ಡು ಉಳಿದಂಗಲ್ಲ.

ಇನ್ನೊಂದು ಹೊಸ ತಲೆನೋವು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್. ನಾವೇ ಬೆಳೆದ ಮೆಕ್ಕೆಜೋಳ, ಕಬ್ಬಿನಿಂದ ಆಗೋದು, ರೈತನಿಗೆ ಒಳ್ಳೇದೇ. ಆದರೆ ಹಳೇ ಪಂಪಿನ ಡಯಾಫ್ರಂ, ರಬ್ಬರ್ ಪೈಪ್ ಅದಕ್ಕೆ ಮೆತ್ತಗಾಗಿ ಕೆಡುತ್ತವೆ. ಎಥೆನಾಲ್ ತಾಳುವ ಪೈಪ್ ಕೇಳಿ ಹಾಕಿಸ್ರಿ, ತಿಂಗಳುಗಟ್ಟಲೆ ಟಾಂಕಿಯಲ್ಲಿ ಪೆಟ್ರೋಲ್ ಬಿಡಬ್ಯಾಡ್ರಿ, ನೀರು ಹೀರುತ್ತದೆ.

ಅಂದರೆ ಸಾಮಾನಿಗೆ ದಾರಿ ಐತಿ. ದಾರಿ ಮುಚ್ಚುತ್ತಿರೋದು ಚಾಚಾನಂಥವರ ಕಡೆಯಿಂದ. ಈಗಿನ ಹುಡುಗರಿಗೆ ಕಂಪ್ಯೂಟರ್ ಹಚ್ಚಿ ರೋಗ ಹುಡುಕೋದು ಬರುತ್ತದೆ, ಅದು ತಪ್ಪಲ್ಲ. ಆದರೆ ಈ ಗಾಡಿಗೆ ಕಂಪ್ಯೂಟರ್ ಹಚ್ಚೋ ಜಾಗವೇ ಇಲ್ಲ. ಕೇಳಿ, ಕಿವಿಗೊಟ್ಟು, ಮೂಗಿಲೆ ವಾಸನೆ ಹಿಡಿದು ಹುಡುಕಬೇಕು.

2024ರ ಆಗಸ್ಟ್ 10ರ ರಾತ್ರಿ ಯಾರೂ ಮರೆತಿಲ್ಲ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿ ಹೋಯಿತು. ಕಾಲುವೆ ಕೆಳಗಿನ ಗದ್ದೆಯವರು ನಿದ್ದೆ ಮಾಡಲಿಲ್ಲ. ಆಗ ಕರೆಸಿದ್ದು ಯಾರನ್ನ? ರಿಟೈರ್ ಆದ ಹಿರಿಯ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನ. ಅವರ ಮುಂದಾಳತ್ವದಲ್ಲಿ ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಿದರು. ಕಬ್ಬಿಣ ಎಲ್ಲಿಯಾದರೂ ಸಿಗುತ್ತಿತ್ತು. ಅದನ್ನು ಹೆಂಗ ಇಳಿಸಬೇಕು ಅನ್ನೋದು ಗೊತ್ತಿದ್ದ ತಲೆ ಬೇಕಾಗಿತ್ತು. ದೊಡ್ಡ ಡ್ಯಾಮಿಗೆ ಖರೆ ಆದದ್ದು ನನ್ನ ಜೀಪಿಗೂ, ನಿಮ್ಮ ಟ್ರ್ಯಾಕ್ಟರಿಗೂ ಖರೆ.

ಹಳೇ ಗಾಡಿ ಎಲ್ಲಾ ಉಳಿಸ್ಕೋರಿ ಅಂತ ನಾನು ಹೇಳೋದಿಲ್ಲ. ಚಾಸಿ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ, ಬ್ರೇಕ್ ಎಷ್ಟು ಮಾಡಿದರೂ ನಿಲ್ಲದಿದ್ದರೆ ಮಾರಿಬಿಡ್ರಿ. ಮಂದಿ ಜೀವಕ್ಕಿಂತ ಗಾಡಿ ದೊಡ್ಡದಲ್ಲ. ಕಾಗದಪತ್ರದ ಖರ್ಚೂ ಐತಿ: 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು, ಎಂಜಿನ್ ಬದಲಿಸಿದ್ದರೆ ಆರ್‌ಸಿಯಲ್ಲಿ ಬರೆಸಿರಬೇಕು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ತಂದಿದೆ. ನನ್ನ ಜೀಪಿಗೆ 50 ದಾಟಿದೆ, ಎಂಜಿನ್ನೂ ಮೂಲದ್ದೇ. ಆದರೆ ಆ ನೋಂದಣಿ ಮಾಡಿಸಿದರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಅದು ಪ್ರದರ್ಶನಕ್ಕೆ ಇಡುವವರ ಕಾನೂನು, ಗೊಬ್ಬರ ಹೇರುವವರದಲ್ಲ. ದುಡಿಯುವ ಹಳೇ ಗಾಡಿಗೂ ಒಂದು ನಿಯಮ ಬೇಕು. ಬ್ರೇಕು, ಹೊಗೆ, ಚಾಸಿ ಪರೀಕ್ಷೆಯಲ್ಲಿ ಪಾಸಾದರೆ ಓಡಲಿ, ಫೇಲಾದರೆ ಬಿಡಲಿ. ವಯಸ್ಸು ನೋಡಿ ತೂಗಬಾರದು.

ಸರ್ಕಾರ ಮಾಡುವ ತನಕ ನಾವು ಮಾಡಬಹುದಾದ್ದು ಎರಡು ಕೆಲಸ. ಒಂದು, ಗಾಡಿಗೊಂದು ನೂರು ಪುಟದ ನೋಟ್‌ಬುಕ್ ಇಡ್ರಿ. ಯಾವ ದಿನ ಏನು ಬದಲಾಯ್ತು, ನಂಬರ್ ಏನು, ಯಾವ ಅಂಗಡಿ, ಎಷ್ಟು ದುಡ್ಡು ಅಂತ ಬರೀರಿ. ನನ್ನ ಹತ್ತಿರ ಆ ನೋಟ್‌ಬುಕ್ ಇದ್ದಿದ್ದರೆ ಮುಚ್ಚಳ ಬದಲಿಸಿದ್ದು ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ಎರಡು, ನಿಮ್ಮೂರ ಐಟಿಐ ಓದುವ ಹುಡುಗರನ್ನು ಹಳೇ ಮಿಸ್ತ್ರಿಗಳ ಹತ್ತಿರ ಒಂದೊಂದು ದಿನ ಕೂರಿಸ್ರಿ. ಮೊಬೈಲಿನಲ್ಲಿ ವಿಡಿಯೋ ಹಿಡಿಯಲಿ. ಬರೀ ಚಾ ಕುಡಿಸಿ ಕಳಿಸಬ್ಯಾಡ್ರಿ, ಅವರ ದಿನಗೂಲಿ ಕೊಡ್ರಿ. ಕಲಿಸೋದೂ ಕೆಲಸವೇ. ನಮ್ಮ ಚಾಚಾ ಅವತ್ತು ನನ್ನ ಹತ್ತಿರ ಒಂದು ಪೈಸೆ ಮುಟ್ಟಲಿಲ್ಲ, "ನಾ ಪಾನಾನೇ ಹಿಡೀಲಿಲ್ಲಲ್ಲ" ಅಂದರು. ಜೇಬಿನಲ್ಲಿ ಇಟ್ಟು ಬರಬೇಕಾಗಿತ್ತು, ಇಡಲಿಲ್ಲ, ಅದು ನನ್ನ ತಪ್ಪು.

ಗುಜರಿಯವನನ್ನು ವಾಪಸ್ ಕಳಿಸಿದ್ದೇನೆ. ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮೊನ್ನೆ ನಾನು ಹೇಳದೆಯೇ ನೋಟ್‌ಬುಕ್ ತೆಗೆದು ಪ್ಲಗ್ ಬದಲಿಸಿದ ತಾರೀಖು ಬರೆದಿದ್ದ. ಬರುವ ವಾರ ಅವನನ್ನು ಕರೆದುಕೊಂಡು ಚಾಚಾನ ಮನೆಗೆ ಹೋಗ್ತೀನಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಇನ್ನೂ ಓಡುವ ಹಳೇ ಜೀಪ್ ಇದ್ದವರು ನಿಮ್ಮ ಹುಡುಗರನ್ನೂ ಕಳಿಸ್ರಿ, ಕಟ್ಟೆ ದೊಡ್ಡದೈತಿ.