ಪ್ರತಿನಿಧಿಯ ಮತ



ಹೋದ ವಾರ ನನ್ನ ಮೊಮ್ಮಗಳು ಪೌರನೀತಿಯ ಪಾಠವನ್ನು ಓದುತ್ತಿದ್ದವಳು ಜಗುಲಿಗೆ ಬಂದು, "ತಾತ, ಪ್ರತಿನಿಧಿ ಎಂದರೇನು?" ಎಂದು ಕೇಳಿದಳು. ಬಹುಕಾಲ ಪಾಠ ಹೇಳಿದ ನಾಲಗೆಗೆ ಉತ್ತರವು ಸುಲಭವಾಗಿಯೇ ಒದಗಿತು. ಒಂದರ ಸ್ಥಾನದಲ್ಲಿ ನಿಲ್ಲತಕ್ಕ ಮತ್ತೊಂದೇ ಪ್ರತಿನಿಧಿ. ಈ ಶಬ್ದವನ್ನು ಚುನಾವಣೆಯವರಿಗಿಂತ ಬಹು ಮೊದಲೇ ಮೀಮಾಂಸಕರು ಬಳಸಿದ್ದಾರೆ. ಯಜ್ಞಕ್ಕೆ ವಿಹಿತವಾದ ವ್ರೀಹಿಯು ದೊರೆಯದಿದ್ದಲ್ಲಿ ನೀವಾರವನ್ನು, ಎಂದರೆ ಕಾಡುನೆಲ್ಲನ್ನು, ಉಪಯೋಗಿಸಬಹುದು. ಅದು ವ್ರೀಹಿಗೆ ಪ್ರತಿನಿಧಿ. ಆದರೆ ಇದಕ್ಕೊಂದು ಮೇರೆಯನ್ನೂ ಅವರು ವಿಧಿಸಿರುವರು. ದ್ರವ್ಯಕ್ಕೆ ಪ್ರತಿನಿಧಿಯುಂಟು; ದೇವತೆಗೆ, ಅಗ್ನಿಗೆ, ಮಂತ್ರಕ್ಕೆ ಪ್ರತಿನಿಧಿಯಿಲ್ಲ.

"ಹಾಗಾದರೆ ನಾವು ಆರಿಸಿ ಕಳುಹಿಸಿದವರು ನಾವು ಹೇಳಿದಂತೆ ನಡೆಯಬೇಕೋ, ತಮಗೆ ಸರಿತೋರಿದಂತೆಯೋ?" ಎಂದು ಹುಡುಗಿ ಮತ್ತೆ ಕೇಳಿದಳು. ಇದಕ್ಕೆ ಸೂತ್ರದಲ್ಲಿ ಉತ್ತರ ಹೇಳುವುದಕ್ಕಿಂತ ಜೀನೆಟ್ ರಾಂಕಿನ್ ಎಂಬ ಅಮೆರಿಕಾದ ಮಹಿಳೆಯ ಚುನಾವಣೆಗಳ ವೃತ್ತಾಂತವನ್ನು ಹೇಳುವುದೇ ಲೇಸೆಂದು ತೋರಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಈಕೆಯು 1880ರಲ್ಲಿ ಮೊಂಟಾನಾ ಸಂಸ್ಥಾನದ ಮಿಸೂಲಾ ಪಟ್ಟಣದ ಬಳಿ ಹುಟ್ಟಿದಳು. ಮನೆಗೆ ಹಿರಿಯ ಮಗಳು; ತಾಯಿ ಮದುವೆಗೆ ಮೊದಲು ಉಪಾಧ್ಯಾಯಿನಿಯಾಗಿದ್ದವಳು. ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ಈಕೆ ಊರೂರು ತಿರುಗಿ ಉಪನ್ಯಾಸ ಮಾಡಿದಳು. 1914ರಲ್ಲಿ ಮೊಂಟಾನಾದ ಪುರುಷರು ಮತವಿತ್ತು ಆ ಹಕ್ಕನ್ನು ಒಪ್ಪಿದರು. ಎರಡು ವರ್ಷಗಳ ಅನಂತರ, 1916ರಲ್ಲಿ, ಆಕೆಯೇ ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿ ಸಭೆಗೆ ಉಮೇದುವಾರಳಾದಳು. ಆಗ ಇಡೀ ಸಂಸ್ಥಾನವೇ ಒಂದು ಕ್ಷೇತ್ರ; ಅದಕ್ಕೆ ಎರಡು ಸ್ಥಾನಗಳು. ಎರಡನೆಯ ಸ್ಥಾನವು ಆಕೆಗೆ ದಕ್ಕಿತು. ಅಮೆರಿಕಾದ ಕಾಂಗ್ರೆಸ್ಸಿಗೆ ಚುನಾಯಿತಳಾದ ಮೊದಲನೆಯ ಸ್ತ್ರೀಯು ಈಕೆಯೇ. ಆ ದೇಶದ ಬಹುಪಾಲು ಸಂಸ್ಥಾನಗಳಲ್ಲಿ ಸ್ತ್ರೀಯರಿಗೆ ಇನ್ನೂ ಪೂರ್ಣ ಮತಾಧಿಕಾರವೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

1917ರ ಏಪ್ರಿಲ್ 2ರಂದು ಆಕೆ ಸಭೆಯಲ್ಲಿ ಕುಳಿತಳು. ಅದೇ ದಿನ ಅಧ್ಯಕ್ಷ ವಿಲ್ಸನ್ನರು ಜರ್ಮನಿಯ ಮೇಲೆ ಯುದ್ಧ ಸಾರಬೇಕೆಂದು ಕೇಳಿದರು. ಚುನಾವಣೆಗೆ ಬೆನ್ನೆಲುಬಾಗಿ ನಿಂತ ಸ್ವಂತ ತಮ್ಮನೇ ಯುದ್ಧದ ಪರವಾಗಿ ಮತ ಕೊಡೆಂದು ಬುದ್ಧಿ ಹೇಳಿದನು. ಸ್ತ್ರೀಯರ ಮತಾಧಿಕಾರಕ್ಕೆ ಕೆಟ್ಟ ಹೆಸರು ಬಂದೀತೆಂದು ಗೆಳತಿಯರಲ್ಲಿಯೂ ಕೆಲವರು ಅಂಜಿದರು. ಏಪ್ರಿಲ್ 6ರಂದು ಯುದ್ಧದ ಪರವಾಗಿ 373, ವಿರುದ್ಧವಾಗಿ 50 ಮತಗಳು ಬಿದ್ದುವು. ಆಕೆಯ ಮತವು ಆ 50ರಲ್ಲಿ ಒಂದು.

ಮುಂದಿನ ಚುನಾವಣೆಯ ವೇಳೆಗೆ ಮೊಂಟಾನಾವನ್ನು ಎರಡು ಕ್ಷೇತ್ರಗಳಾಗಿ ಒಡೆದಿದ್ದರು. ಆಕೆಯ ಪಾಲಿಗೆ ಬಂದದ್ದು ಎದುರು ಪಕ್ಷದವರ ಬಲವುಳ್ಳ ಭಾಗ. ಆದುದರಿಂದ 1918ರಲ್ಲಿ ಸೆನೇಟಿಗೆ ಸ್ಪರ್ಧಿಸಿದಳು. ಸ್ವಪಕ್ಷದವರು ಆಕೆಯನ್ನು ಆರಿಸಲಿಲ್ಲ. ಬೇರೊಂದು ಸಣ್ಣ ಪಕ್ಷದಿಂದ ನಿಂತು ಮೂರನೆಯವಳಾಗಿ ಸೋತಳು. 1920ರಲ್ಲಿ ದೇಶದ ರಾಜ್ಯಾಂಗವೇ ಸ್ತ್ರೀಯರ ಮತಾಧಿಕಾರವನ್ನು ಸ್ವೀಕರಿಸಿದಾಗ, ಅದಕ್ಕಾಗಿ ಸಭೆಯಲ್ಲಿ ವಾದಿಸಿದ್ದ ಈಕೆಗೆ ಅಲ್ಲಿ ಸ್ಥಾನವಿರಲಿಲ್ಲ.

ಇಪ್ಪತ್ತೆರಡು ವರ್ಷಗಳು ಕಳೆದುವು. 1940ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಆಕೆ ಮತ್ತೆ ಪ್ರತಿನಿಧಿ ಸಭೆಗೆ ನಿಂತಳು. ನಮ್ಮಲ್ಲಿ ಷಷ್ಟ್ಯಬ್ದಿ ಶಾಂತಿಯನ್ನು ಮಾಡಿಸಿಕೊಂಡು ಜಗುಲಿ ಹಿಡಿಯುವ ವಯಸ್ಸು ಅದು. ನನ್ನ ವಯಸ್ಸೂ ಅದೇ. ದೇಶವನ್ನು ಯುದ್ಧಕ್ಕೆ ಇಳಿಯಗೊಡಬಾರದೆಂಬುದು ತನ್ನ ಮತವೆಂದು ಆಕೆ ಮೊದಲೇ ಸಾರಿದ್ದಳು. ಜನರು ಅದನ್ನು ತಿಳಿದೇ ಗೆಲ್ಲಿಸಿದರು.

ಆದರೆ 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬುಗಳನ್ನು ಸುರಿಸಿದುವು. ಜನರ ಮನಸ್ಸು ಒಂದೇ ದಿನದಲ್ಲಿ ತಿರುಗಿತು. ಮರುದಿನ ಸಭೆಯಲ್ಲಿ ಯುದ್ಧದ ಪರವಾಗಿ 388 ಮತಗಳು. ವಿರುದ್ಧವಾಗಿ ಒಂದೇ ಒಂದು. ಆ ಒಂದು ಈಕೆಯದು. ಮತವನ್ನು ಬದಲಿಸೆಂದು ಸದಸ್ಯರು ಕೇಳಿಕೊಂಡರು, ಆಕೆ ಒಪ್ಪಲಿಲ್ಲ. ಹೊರಗೆ ಜನರು ಮುತ್ತಿಕೊಳ್ಳಲು, ಟೆಲಿಫೋನಿನ ಗೂಡೊಂದರಲ್ಲಿ ಅವಿತು, ಪೊಲೀಸರ ಕಾವಲಿನಲ್ಲಿ ಕಚೇರಿಯನ್ನು ಸೇರಬೇಕಾಯಿತು. 1942ರಲ್ಲಿ ಆಕೆ ಮತ್ತೆ ಸ್ಪರ್ಧಿಸಲೇ ಇಲ್ಲ.

ಆಕೆ ಮಾಡಿದ್ದು ಸರಿಯೇ? ನನ್ನ ಅಭಿಪ್ರಾಯವನ್ನು ಮರೆಮಾಚದೆ ಹೇಳುತ್ತೇನೆ. ಹಿಟ್ಲರನಂಥವನು ಶಾಂತಿವಚನಕ್ಕೆ ಮಣಿಯುವವನಾಗಿರಲಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ನೀರು ಹೊರದೆ ವಿಧಿಯಿಲ್ಲ. ನಾನು ಮೊಂಟಾನಾದವನಾಗಿದ್ದು, ಆಕೆ 1942ರಲ್ಲಿ ನಿಂತಿದ್ದರೆ, ಬಹುಶಃ ಮತ ಕೊಡುತ್ತಿರಲಿಲ್ಲ. ಆದರೂ ಆಕೆ ಎದುರಿಗೆ ಬಂದರೆ ಎದ್ದು ನಿಂತು ನಮಸ್ಕರಿಸುತ್ತಿದ್ದೆ. ಆ ದಿನ ಗೈರುಹಾಜರಾಗುವುದು ಬಲು ಸುಲಭವಾಗಿತ್ತು. ಆಕೆ ತಪ್ಪಿಸಿಕೊಳ್ಳಲಿಲ್ಲ, ತನ್ನ ಮತವನ್ನು ಎಲ್ಲರೂ ಕೇಳುವಂತೆ ಹೇಳಿ, ಅದರ ಫಲವನ್ನು ಗೊಣಗದೆ ಉಂಡಳು. ಜನರ ಸ್ಥಾನದಲ್ಲಿ ನಿಲ್ಲಬಹುದು. ತನ್ನ ಅಂತಃಕರಣದ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸಲಾಗದೆಂಬುದು ಆಕೆಯ ನಿಶ್ಚಯ.

ಆಕೆ ಎರಡನೆಯ ಮಹಾಯುದ್ಧದ ಅನಂತರ ಹಲವು ಬಾರಿ ಭಾರತಕ್ಕೆ ಬಂದು ಗಾಂಧೀಜಿಯವರ ಅಹಿಂಸಾಮಾರ್ಗವನ್ನು ಅಭ್ಯಸಿಸಿದಳು. 1968ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ವಿಯೆಟ್ನಾಮ್ ಯುದ್ಧದ ವಿರುದ್ಧ ವಾಷಿಂಗ್ಟನ್ನಿನಲ್ಲಿ ಸಾವಿರಾರು ಸ್ತ್ರೀಯರ ಮುಂದೆ ನಡೆದಳು. 1973ರಲ್ಲಿ ತೀರಿಕೊಂಡಳು. 1985ರಲ್ಲಿ ಮೊಂಟಾನಾ ಸಂಸ್ಥಾನದ ಕಾಣಿಕೆಯಾಗಿ ಆಕೆಯ ಪ್ರತಿಮೆಯು ಕಾಂಗ್ರೆಸ್ಸಿನ ಭವನದಲ್ಲಿಯೇ ಸ್ಥಾಪಿತವಾಯಿತು.

ಕಥೆ ಮುಗಿದ ಮೇಲೆ ಮೊಮ್ಮಗಳು, "ಹಾಗಾದರೆ ಮತ ಕೇಳಲು ಬಂದವರನ್ನು ನಾವು ಏನೆಂದು ಪರೀಕ್ಷಿಸಬೇಕು, ತಾತ?" ಎಂದಳು. ನಮಗೇನು ಮಾಡಿಕೊಡುವಿರೆಂದು ಎಲ್ಲರೂ ಕೇಳುತ್ತಾರೆ, ಕೇಳಲಿ. ಅದರೊಡನೆ, ನಾವೇ ಬೇಡಿದರೂ ಯಾವುದನ್ನು ಮಾಡಲಾರಿರಿ ಎಂಬುದನ್ನೂ ಕೇಳಬೇಕೆಂದು ಹೇಳಿದೆನು. ಉತ್ತರ ಹೇಳುವವರು ದೊರೆತರೆ ಅವರಿಗೆ ಮತ ಕೊಡುವ ಧೈರ್ಯ ನಮಗುಂಟೇ ಎಂದು ಆಕೆ ಕೇಳಲಿಲ್ಲ. ಅದನ್ನು ನನ್ನನ್ನು ನಾನೇ ಕೇಳಿಕೊಂಡೆ.